ಉಳದ ಎತ್ತು, ಹಾರದ ನೌಕೆ

ಸಾಫ್ಟ್‌ವೇರ್ ಇಂಜಿನಿಯರುಗಳಲ್ಲಿ ಒಳಪಂಗಡ ಬಹಳ. ಕೋಳಿ ಕೂಗುವ ಮೊದಲೇ ಎದ್ದು ಓಡುವವರಿದ್ದಾರೆ, ಟೆರೇಸಿನ ಮೇಲೆ ನಾಲ್ಕು ಟೊಮೆಟೊ ಬೆಳೆದು ನಲವತ್ತು ಫೋಟೊ ಹಾಕುವವರಿದ್ದಾರೆ, ಶನಿವಾರ ಬಂತೆಂದರೆ ಬೈಕಿನ ಎರಡೂ ಪಕ್ಕಕ್ಕೆ ಡಬ್ಬ ಕಟ್ಟಿಕೊಂಡು ಕೊಡಗಿನ ದಾರಿ ಹಿಡಿಯುವವರಿದ್ದಾರೆ. ಇವರನ್ನೆಲ್ಲ ನಗೆಬರಹದವರು ಬೇಕಾದಷ್ಟು ಎಳೆದಾಡಿದ್ದಾರೆ. ಅವರ ಕೈಗೆ ಸಿಗದೆ ನುಣುಚಿಕೊಂಡ ಪಂಗಡ ಒಂದಿದೆ: ಸಿನಿಮಾದ ಆಕಾಶನೌಕೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಬಣ್ಣ ಬಳಿದು, ಒಳಗೆ ದೀಪ ಹಚ್ಚುವವರದು. ಸಿಗದಿರುವುದಕ್ಕೆ ಕಾರಣ ಇವರು ಹೊರಗೆ ಬರುವುದೇ ಇಲ್ಲ. ಕದ ಹಾಕಿಕೊಂಡು, ಮೇ ತಿಂಗಳಲ್ಲೂ ಫ್ಯಾನು ಆರಿಸಿ, ಬೆವರುತ್ತ ಕೂತಿರುತ್ತಾರೆ. ಫ್ಯಾನು ಹಾಕಿದರೆ ಅಕ್ಕಿನುಚ್ಚಿನ ಗಾತ್ರದ ಒಂದು ಆಂಟೆನಾ ಹಾರಿ ಹೋಗುತ್ತದೆ, ಹೋದದ್ದು ಮಾರನೆಯ ಬೆಳಗಿನ ಪೊರಕೆಗೆ ಸಿಕ್ಕಿ ತಿಪ್ಪೆ ಸೇರುತ್ತದೆ. ಇವರನ್ನು ನೌಕಾಶಿಲ್ಪಿಗಳೆಂದು ಕರೆಯೋಣ. ಅವರಿಗೂ ಸಂತೋಷ, ನಮಗೂ ಅನುಕೂಲ.

ಈ ಶಿಲ್ಪಿಗಳ ವಾಸ ಮೊದಲು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿತ್ತು. 2020ರಲ್ಲಿ ಕೊರೊನಾ ಬಂದು ಆಫೀಸುಗಳು ಬೀಗ ಹಾಕಿದಾಗ ಲ್ಯಾಪ್‌ಟಾಪನ್ನು ಬಗಲಿಗೇರಿಸಿ ಊರಿಗೆ ಬಂದವರ ಬ್ಯಾಗಿನ ತಳದಲ್ಲಿ ಈ ಹವ್ಯಾಸವೂ ಬಂತು, ಅವರಲ್ಲಿ ಕೆಲವರ ಜೊತೆ ಇಲ್ಲೇ ಉಳಿಯಿತು. ಕೆ.ಆರ್. ನಗರ ಸೀಮೆಯ ಮಿರ್ಲೆಯಂಥ ಊರನ್ನೇ ತೆಗೆದುಕೊಳ್ಳಿ. ಸುತ್ತ ನಾಲೆ ನೀರಿನ ಭತ್ತದ ಗದ್ದೆ, ನಡುವೆ ಊರು, ಊರಿನೊಳಗೆ ಹಿಂದೆ ಭತ್ತದ ಮೂಟೆ ಒಟ್ಟುತ್ತಿದ್ದ ಒಂದು ಕೋಣೆ. ಮೂಟೆ ಹೋಗಿ ಅಲ್ಲೀಗ ತಾತನ ಕಾಲದ ಡೆಸ್ಕು, ಅದರ ಮೇಲೆ ಟೇಬಲ್ ಲ್ಯಾಂಪು, ಚಿಮಟ, ಬ್ಲೇಡು, ನಾಲ್ಕು ನಮೂನೆಯ ಗೋಂದು. ನೌಕೆಯ ಕಿಟ್ಟು ಜಪಾನಿನಿಂದಲೋ ಅಮೆರಿಕದಿಂದಲೋ ಸಮುದ್ರ ದಾಟಿ, ಸುಂಕ ಕಟ್ಟಿಸಿಕೊಂಡು, ಕೆ.ಆರ್. ನಗರದವರೆಗೆ ಸುಸೂತ್ರವಾಗಿ ಬಂದಿರುತ್ತದೆ. ಅಲ್ಲಿಂದ ಕೊರಿಯರ್ ಹುಡುಗ ಫೋನು ಮಾಡುತ್ತಾನೆ: 'ಮಿರ್ಲೆಗೆ ಬರಕ್ಕಾಗಕಿಲ್ಲ ಸಾ, ಬಸ್‌ಸ್ಟ್ಯಾಂಡ್ ತಾವ್ಕೆ ಬಂದು ಇಸ್ಕೊಂಡೋಗಿ.' ಅಂತರಗ್ರಹ ಯಾನದ ಕೊನೆಯ ಹಂತವನ್ನು ಶಿಲ್ಪಿ ಸ್ವತಃ ಸ್ಕೂಟರಿನಲ್ಲಿ ಪೂರೈಸುತ್ತಾನೆ. ಮನೆಗೆ ತಂದು ಡಬ್ಬ ಬಿಚ್ಚಿದರೆ ನೌಕೆ ಎಲ್ಲಿಯೂ ಕಾಣುವುದಿಲ್ಲ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಕಚ್ಚಿಕೊಂಡ ಬೂದು ಬಣ್ಣದ ನೂರಾರು ಚೂರು, ಒಂದೊಂದಕ್ಕೂ ಒಂದೊಂದು ನಂಬರು, ಜೊತೆಗೆ ಮದುವೆಯ ಲಗ್ನಪತ್ರಿಕೆಗಿಂತ ಗಂಭೀರವಾಗಿ ಅಚ್ಚಾದ ಒಂದು ಸೂಚನಾಪುಸ್ತಕ.

ಊರಿನವರಿಗೆ ವಿಷಯ ತಿಳಿಯಲು ಎರಡು ದಿನ ಸಾಕು. ಜಗಲಿಯ ಮೇಲೆ ಕೂತ ದೊಡ್ಡಪ್ಪನೊಬ್ಬರು ಒಳಗೆ ಇಣುಕಿ ಕೇಳುವ ಪ್ರಶ್ನೆ ಒಂದೇ: 'ಆರ್ತದೇನ್ಲಾ?' ಹಾರುವುದಿಲ್ಲ ಎಂದರೆ ಅದರ ಬೆನ್ನಿಗೇ ಇನ್ನೊಂದು: 'ಆರಾಕಿಲ್ಲ ಅಂದ್ಮ್ಯಾಕೆ ಮತ್ತ್ಯಾಕ್ಲಾ ಮಾಡ್ತೀಯೆ?' ಶಿಲ್ಪಿ ಇಲ್ಲಿ ತಬ್ಬಿಬ್ಬಾಗುತ್ತಾನೆ. ಇಂಗ್ಲಿಷಿನಲ್ಲಿ ಓದಿಕೊಂಡಿರುವ ಉತ್ತರಗಳೆಲ್ಲ, ಮನಸ್ಸಿಗೆ ವಿಶ್ರಾಂತಿ, ಏಕಾಗ್ರತೆ, ಇತ್ಯಾದಿ, ಜಗಲಿಯ ಮೇಲೆ ಬಿದ್ದ ಕೂಡಲೇ ಒಣಗಿಹೋಗುತ್ತವೆ. ಹಾಗಾಗಿ ಅವನ ಪರವಾಗಿ ವಕಾಲತ್ತು ವಹಿಸುವ ಕೆಲಸ ನಮಗೆ ಬಿದ್ದಿದೆ. ನನ್ನ ವಾದ ಇಷ್ಟು: ಈತ ಯಾವುದೋ ಪರದೇಶದ ಹುಚ್ಚನ್ನು ಊರಿಗೆ ತಂದಿಲ್ಲ. ಮೈಸೂರು ಜಿಲ್ಲೆಯವರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸವನ್ನೇ ಮಾಡುತ್ತಿದ್ದಾನೆ. ಉಪಯೋಗಕ್ಕೆ ಬಾರದ ವಸ್ತುವೊಂದನ್ನು ಕಣ್ಣಿಗೆ ಬೀಳುವಂತೆ ಸಿಂಗರಿಸಿ ನಿಲ್ಲಿಸುವುದು ನಮ್ಮ ಕಡೆಯ ಖಾಯಂ ಕಸುಬು. ಆ ವಸ್ತು ಇವನ ಕೈಯಲ್ಲಿ ನೌಕೆಯಾಗಿರುವುದಷ್ಟೇ ಹೊಸದು.

ಮೊದಲ ಸಾಕ್ಷಿಯನ್ನು ಆ ದೊಡ್ಡಪ್ಪನವರ ಕೊಟ್ಟಿಗೆಯಿಂದಲೇ ಕರೆಸಬಹುದು. ಜನವರಿ ಸುಮಾರಿಗೆ ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿ, ಕೋದಂಡರಾಮನ ಸನ್ನಿಧಿಯಲ್ಲಿ, ದನಗಳ ಜಾತ್ರೆ ಕೂಡುತ್ತದೆ. ಅಲ್ಲಿಗೆ ಬರುವ ಹಳ್ಳಿಕಾರ್ ಜೋಡಿಗಳಲ್ಲಿ ಉಳುವ ಎತ್ತುಗಳೂ ಇರುತ್ತವೆ, ಆದರೆ ಶಾಮಿಯಾನದ ಕೆಳಗೆ ನಿಂತು ಜನ ಸೇರಿಸುವ ಎತ್ತುಗಳು ಬೇರೆ. ಅವುಗಳ ಕತ್ತಿಗೆ ನೊಗ ಸೋಕಿರುವುದಿಲ್ಲ. ಹುರುಳಿ, ಹಿಂಡಿ, ಬೆಣ್ಣೆ ತಿಂದು ಮೈ ಮಿರಮಿರ ಮಿಂಚುತ್ತಿರುತ್ತದೆ. ಕೊಂಬು ಹೆರೆದು, ಎಣ್ಣೆ ಉಜ್ಜಿ, ತುದಿಗೆ ಹಿತ್ತಾಳೆ ಕಳಸ ತೊಡಿಸಿ, ಬೆನ್ನಿಗೆ ಜೂಲು ಹೊದಿಸಿ, ವಾದ್ಯ ಬಡಿಸಿಕೊಂಡು ಮೆರವಣಿಗೆಯಲ್ಲಿ ಕರೆತರುತ್ತಾರೆ. ಜೋಡಿಯ ಬೆಲೆ ಲಕ್ಷಗಳಲ್ಲಿ. ಗದ್ದೆ ಉಳುವುದು ಬಾಡಿಗೆ ಟ್ರ್ಯಾಕ್ಟರು. ಹೀಗಿರುವಾಗ 'ಉಳ್ತವೇನಯ್ಯಾ?' ಎಂದು ಆ ಜಾತ್ರೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವನನ್ನು ಪೇಟೆಯವನೆಂದು ಬಿಟ್ಟುಬಿಡುತ್ತಾರೆ. ಎತ್ತಿನ ಗಂಗೆದೊಗಲು, ಬಾಲದ ಬೀಸು, ಎರಡು ಎತ್ತುಗಳ ಕೊಂಬಿನ ಬಾಗು ಒಂದಕ್ಕೊಂದು ಹೊಂದುತ್ತದೋ ಇಲ್ಲವೋ, ಮಾತೆಲ್ಲ ಇದರ ಸುತ್ತಲೇ. ನೌಕಾಶಿಲ್ಪಿ ತನ್ನ ನೌಕೆಯ ಎಡ ರೆಕ್ಕೆ ಬಲ ರೆಕ್ಕೆಗಿಂತ ಕೂದಲೆಳೆಯಷ್ಟು ಕೆಳಗಿದೆ ಎಂದು ರಾತ್ರಿ ಹನ್ನೆರಡಕ್ಕೆ ತಲೆ ಕೆಡಿಸಿಕೊಂಡು ಕೂತಿರುವುದು ಇದೇ ಕಣ್ಣಿನಿಂದ. ದೊಡ್ಡಪ್ಪನವರ ರಕ್ತವೇ ಅದು. ಕೊಟ್ಟಿಗೆಯಲ್ಲಿ ಹರಿಯುತ್ತಿದ್ದದ್ದು ಈಗ ಡೆಸ್ಕಿನ ಮೇಲೆ ಹರಿಯುತ್ತಿದೆ.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ, ಬರಬೇಕಾದದ್ದೇ. ಎತ್ತು ನಿಜವಾದ ಪ್ರಾಣಿ, ಮನಸ್ಸು ಮಾಡಿದರೆ ಉತ್ತೀತು. ನೌಕೆಯಾದರೋ ಕಟ್ಟುಕಥೆ, ಅದೂ ಹಾಲಿವುಡ್ಡಿನ ಕಟ್ಟುಕಥೆ, ನಮಗೂ ಅದಕ್ಕೂ ಏನು ಸಂಬಂಧ? ಸಂಬಂಧವಿದೆ, ಅದೂ ಮೈಸೂರಿನ ವಿಳಾಸದಲ್ಲೇ ಇದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯ ಪ್ರೇರಣೆಯೆಂದು 1918ರಿಂದ 1923ರವರೆಗೆ ಹೇಳಿ ಬರೆಸಿದ ವೈಮಾನಿಕ ಶಾಸ್ತ್ರಕ್ಕೆ ಬೆಂಗಳೂರಿನ ನಕ್ಷೆಗಾರ ಟಿ.ಕೆ. ಎಲ್ಲಪ್ಪನವರು 1923ರಲ್ಲಿ ಚಿತ್ರ ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು, ಅಡ್ಡಕೊಯ್ತ ಉದ್ದಕೊಯ್ತಗಳ ಸಮೇತ. ಜಿ.ಆರ್. ಜೋಶ್ಯರ್ ಅವರು ಅದನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಮೈಸೂರಿನಿಂದಲೇ ಪ್ರಕಟಿಸಿದರು. ಮರುವರ್ಷ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಲೆಕ್ಕ ಹಾಕಿ ನೋಡಿ, ಇವು ಯಾವುವೂ ಹಾರುವ ಜಾಯಮಾನದವಲ್ಲ, ಗ್ರಂಥವೂ ಪ್ರಾಚೀನವಲ್ಲ ಎಂದು ಬರೆದರು. ಐವರು ವಿದ್ವಾಂಸರು ಒಂದು ಲೇಖನ ಬರೆದು ತಲುಪಿದ ಜಾಗಕ್ಕೆ ಮಿರ್ಲೆಯ ದೊಡ್ಡಪ್ಪನವರು 'ಆರ್ತದೇನ್ಲಾ' ಎಂಬ ಒಂದೇ ಮಾತಿನಲ್ಲಿ ತಲುಪಿದ್ದರು ಎನ್ನುವುದನ್ನು ಇಲ್ಲಿ ಗಮನಿಸಬೇಕು. ವಿದ್ವಾಂಸರು ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಕಣ್ಣಿಗೆ ಎಲ್ಲಪ್ಪನವರ ನಕ್ಷೆಗಳು ಹಳೆಯ ಮೈಸೂರು ಸಂಸ್ಥಾನದಲ್ಲಿ ತಯಾರಾದ ಮೊದಲ ದರ್ಜೆಯ ಕಾಲ್ಪನಿಕ ನೌಕೆಗಳು. ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ರುಕ್ಮ ವಿಮಾನವನ್ನು ಶಾಸ್ತ್ರವೆಂದು ಮುಂದಿಟ್ಟಿದ್ದರಿಂದ ಫಜೀತಿಯಾಯಿತು. ಕಿಟ್ಟು ಎಂದು ಡಬ್ಬದಲ್ಲಿಟ್ಟು ಮಾರಿದ್ದರೆ ವಿಜ್ಞಾನ ಸಂಸ್ಥೆಯವರೂ ಒಂದೊಂದು ಕೊಂಡು ಮೇಜಿನ ಮೇಲಿಟ್ಟುಕೊಳ್ಳುತ್ತಿದ್ದರು. ಹಾರುತ್ತದೆ ಎಂದು ಹೇಳದಿರುವುದೇ ನೌಕಾಶಿಲ್ಪಿಯ ಪ್ರಾಮಾಣಿಕತೆ.

ಇನ್ನು ಕೆಲವರು, ಮುಖ್ಯವಾಗಿ ಡ್ರಾಯಿಂಗ್ ಮೇಷ್ಟ್ರುಗಳು, ಬೇರೆ ತಕರಾರು ಎತ್ತುತ್ತಾರೆ. ಚೂರುಗಳನ್ನು ಯಾರೋ ಮಾಡಿದ್ದು, ನಂಬರು ಯಾರೋ ಹಾಕಿದ್ದು, ಇವನು ಅಂಟಿಸುವುದಷ್ಟೇ. ಇದರಲ್ಲಿ ಕಲೆ ಎಲ್ಲಿ ಬಂತು? ಈ ತಕರಾರು ಮೂಲ ನೌಕೆಗಳ ಚರಿತ್ರೆ ತಿಳಿಯದವರದು. 1977ರ ಸ್ಟಾರ್ ವಾರ್ಸ್ ಚಿತ್ರಕ್ಕೆ ನೌಕೆ ಕಟ್ಟಿದವರು ಅಂಗಡಿಯಿಂದ ಎರಡನೇ ಮಹಾಯುದ್ಧದ ಟ್ಯಾಂಕು, ವಿಮಾನ, ಹಡಗುಗಳ ಕಿಟ್ಟುಗಳನ್ನು ರಾಶಿ ರಾಶಿ ಕೊಂಡು ತಂದು, ಅವುಗಳ ಗಾಲಿ, ಕೊಳವೆ, ಮುಚ್ಚಳಗಳನ್ನು ಕಿತ್ತು ನೌಕೆಯ ಮೈಗೆ ಮೆತ್ತಿದರು. ತೆರೆಯ ಮೇಲೆ ಮೈನವಿರೇಳಿಸುವ ಯಂತ್ರದಂತೆ ಕಾಣುವುದು ಯಾವುದೋ ಜರ್ಮನ್ ಟ್ಯಾಂಕಿನ ಬಿಡಿಭಾಗ. ಆಮೇಲೆ ಕಿಟ್ಟಿನ ಕಂಪನಿಗಳು ಆ ನೌಕೆಗಳದೇ ಕಿಟ್ಟು ಮಾಡಿ ಮಾರಿದವು. ಹಾಗಾಗಿ ಮಿರ್ಲೆಯಲ್ಲಿ ಚಿಮಟ ಹಿಡಿದು ಕೂತವನು ಅಂಟಿಸುತ್ತಿರುವುದು ಕಿಟ್ಟಿನಿಂದ ಕದ್ದು ಮಾಡಿದ ನೌಕೆಯ ಕಿಟ್ಟನ್ನು. ಯಾರದು ಮೂಲ, ಯಾರದು ನಕಲು ಎಂದು ಕೋರ್ಟಿಗೆ ಹೋದರೂ ಬಗೆಹರಿಯುವುದಿಲ್ಲ. ಅಂಟಿಸುವುದಷ್ಟೇ ಎಂದು ಹಗುರವಾಗಿ ಹೇಳುವವರು ಒಮ್ಮೆ ಆ ಕಿಟಕಿಯ ಪಾರದರ್ಶಕ ತುಂಡನ್ನು ಅಂಟಿಸಿ ನೋಡಲಿ. ಅವಸರಕ್ಕೆ ಫೆವಿಕ್ವಿಕ್ ಒಂದು ಹನಿ ಹಾಕಿದರೆ ತುಂಡು ತಕ್ಷಣ ಕಚ್ಚಿಕೊಳ್ಳುತ್ತದೆ, ನಿಜ. ಆದರೆ ಅದರ ಆವಿ ಮೆಲ್ಲಗೆ ಮೇಲೆದ್ದು ಗಾಜಿನಂಥ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಮಂಜಾಗಿ ಕೂತುಬಿಡುತ್ತದೆ, ಚಾಲಕನ ಕಣ್ಣಿಗೆ ಪೊರೆ ಬಂದ ಹಾಗೆ. ಅದನ್ನು ತೆಗೆಯೋಣವೆಂದು ಹೆಂಡತಿಯ ನೇಲ್‌ಪಾಲಿಷ್ ತೆಗೆಯುವ ದ್ರಾವಣ ಸವರಿದರೆ, ಅದರಲ್ಲಿರುವ ಅಸಿಟೋನಿಗೆ ಪಾಲಿಸ್ಟೈರೀನು ಕರಗಿ ಕಿಟಕಿಯೇ ಪಾಯಸವಾಗುತ್ತದೆ. ಬಲ್ಲವರು ಆ ಒಂದು ಕಿಟಕಿಗೆ ಶಾಲೆಯ ಮಕ್ಕಳ ಬಿಳಿ ಫೆವಿಕಾಲನ್ನು ಕಡ್ಡಿಯ ತುದಿಯಲ್ಲಿ ಹಚ್ಚಿ ರಾತ್ರಿಯೆಲ್ಲ ಕಾಯುತ್ತಾರೆ. ಒಣಗಿದ ಮೇಲೆ ಅದು ತಿಳಿಯಾಗುತ್ತದೆ. ಇದು ಸೂಚನಾಪುಸ್ತಕದಲ್ಲಿ ಇರುವುದಿಲ್ಲ.

ಆದರೆ ನಮ್ಮ ಸೀಮೆಯ ಶಿಲ್ಪಿಯನ್ನು ಉಳಿದ ದೇಶಗಳವರಿಂದ ಬೇರೆ ಮಾಡುವುದು ದೀಪದ ವ್ಯಾಮೋಹ. ಬೇರೆಯವರು ನೌಕೆ ಕಟ್ಟಿ ಬಣ್ಣ ಬಳಿದು ಮುಗಿಸಿಬಿಡುತ್ತಾರೆ, ಇಷ್ಟವಿದ್ದರೆ ದೀಪ ಇಡುತ್ತಾರೆ. ನಮ್ಮವನಿಗೆ ದೀಪವಿಲ್ಲದ ನೌಕೆ ನೌಕೆಯೇ ಅಲ್ಲ. ಇದಕ್ಕೆ ಹೊಣೆ ಮೈಸೂರು ಅರಮನೆ. ಭಾನುವಾರದ ಸಂಜೆ, ಹಬ್ಬದ ಸಂಜೆ, ಸುಮಾರು 1 ಲಕ್ಷ ಬಲ್ಬು ಒಂದೇ ಸಲ ಹೊತ್ತಿಕೊಂಡು ಕಲ್ಲಿನ ಕಟ್ಟಡ ಬೆಳಕಿನ ಗೆರೆಯಾಗುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮಗುವಿನ ತಲೆಯಲ್ಲಿ ಒಂದು ಸಿದ್ಧಾಂತ ಗಟ್ಟಿಯಾಗಿಬಿಡುತ್ತದೆ: ನೋಡಬೇಕಾದ ವಸ್ತುವಿಗೆ ಅಂಚಿನುದ್ದಕ್ಕೂ ಬಲ್ಬು ಇರಬೇಕು. ಜಿಲ್ಲೆಯ ಮದುವೆ ಮನೆ, ಗಣಪತಿ ಮಂಟಪ, ಹೊಸ ಬಾರು, ಜಾತ್ರೆಯ ತೇರು, ಎಲ್ಲವೂ ಈ ಸಿದ್ಧಾಂತವನ್ನು ಪಾಲಿಸುತ್ತವೆ. ಆದ್ದರಿಂದ 12.5 ಮೀಟರ್ ಉದ್ದವೆಂದು ಹೇಳಲಾದ ಸ್ಟಾರ್ ವಾರ್ಸ್‌ನ ಎಕ್ಸ್-ವಿಂಗ್ ನೌಕೆಯನ್ನು 72ರಲ್ಲಿ ಒಂದು ಪಾಲಿಗೆ ಇಳಿಸಿ 17 ಸೆಂಟಿಮೀಟರ್ ಚಿಲ್ಲರೆ ಮಾಡಿದ ಮೇಲೂ, ಆ ಅಂಗೈಯುದ್ದದ ಹೊಟ್ಟೆಯೊಳಗೆ ದೀಪ ಬೇಕೇ ಬೇಕು.

ದೀಪದ ಕೆಲಸ ಕೇಳಲು ಸುಲಭ. ಬಿಳಿ ಎಲ್‌ಇಡಿಗೆ 3 ವೋಲ್ಟಿನಷ್ಟು ಸಾಕು, ಸಿಗುವ ಬ್ಯಾಟರಿ 9 ವೋಲ್ಟಿನದು. ನೇರ ಕೊಟ್ಟರೆ ಫಳ್ಳೆಂದು ಒಮ್ಮೆ ಬೆಳಗಿ ಪ್ರಾಣ ಬಿಡುತ್ತದೆ. ಮಿಕ್ಕ 6 ವೋಲ್ಟನ್ನು ನುಂಗಿಕೊಳ್ಳಲು ರೆಸಿಸ್ಟರ್ ಒಂದು ಬೇಕು. 20 ಮಿಲಿಆಂಪಿಯರಿಗೆ ಲೆಕ್ಕ ಹಾಕಿದರೆ 300 ಓಮ್ ಬರುತ್ತದೆ, ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವನು 330 ಕೊಡುತ್ತಾನೆ. ಇಲ್ಲಿಯವರೆಗೆ ಇಂಜಿನಿಯರಿಂಗ್ ಓದಿದ್ದು ಸಾರ್ಥಕವಾಯಿತು ಎಂದು ಶಿಲ್ಪಿಗೆ ಅನ್ನಿಸುತ್ತದೆ, ನಾಲ್ಕು ವರ್ಷ ಓದಿದ್ದರಲ್ಲಿ ಕೈಗೆ ಬಂದದ್ದು ಇದೊಂದೇ ಸಮೀಕರಣ. ಸ್ವಿಚ್ಚು ಹಾಕುತ್ತಾನೆ. ನೌಕೆಯ ಎಂಜಿನ್ನು ಮಾತ್ರ ಬೆಳಗಬೇಕಿತ್ತು, ಇಡೀ ನೌಕೆ ಕಾಗದದ ಗೂಡುದೀಪದಂತೆ ಮೈಯೆಲ್ಲ ಬೆಳಗುತ್ತದೆ. ತೆಳು ಪ್ಲಾಸ್ಟಿಕ್ಕು ಬೆಳಕನ್ನು ತಡೆಯುವುದಿಲ್ಲ ಎನ್ನುವುದು ಆಗ ಗೊತ್ತಾಗುತ್ತದೆ. ಮತ್ತೆ ಬಿಚ್ಚಿ, ಒಳಮೈಗೆ ಕಪ್ಪು ಬಳಿದು, ಕಪ್ಪಿನ ಮೇಲೆ ಬೆಳ್ಳಿ ಬಣ್ಣ ಬಳಿದು, ಬೆಳಕು ಒಳಗೇ ಪುಟಿಯುವಂತೆ ಮಾಡಿ ಮುಚ್ಚಿದರೆ, ಜೋಡಣೆಯ ಸಂದಿನಲ್ಲಿ ದಾರದಷ್ಟು ಬೆಳಕು ಸೋರುತ್ತಿರುತ್ತದೆ. ಆ ದಾರವನ್ನು ಹುಡುಕಲು ಕೋಣೆಯ ದೀಪ ಆರಿಸಬೇಕು, ಕಿಟಕಿಗೆ ಕಂಬಳಿ ಹೊದಿಸಬೇಕು. ಪುಣ್ಯಕ್ಕೆ ಹಳ್ಳಿಯಲ್ಲಿ ಸಂಜೆಯ ಹೊತ್ತು ಕರೆಂಟು ತಾನೇ ಹೋಗುತ್ತದೆ. ಊರೆಲ್ಲ ಗೊಣಗಿಕೊಂಡು ಮೇಣದಬತ್ತಿ ಹುಡುಕುವಾಗ ಸಂಭ್ರಮದಿಂದ ಕುಣಿಯುವವನು ಇವನೊಬ್ಬನೇ. ಬೆಂಗಳೂರಿನ ಶಿಲ್ಪಿಗೆ ಈ ಸೌಕರ್ಯವಿಲ್ಲ, ಅವನ ಅಪಾರ್ಟ್‌ಮೆಂಟಿಗೆ ಜನರೇಟರ್ ಇದೆ.

ಇಷ್ಟೆಲ್ಲ ಮಾಡಿದ ಮೇಲೂ ವೈರುಗಳು ಎಲ್ಲೋ ಒಂದು ಕಡೆಯಿಂದ ಹೊರಗೆ ಬರಲೇಬೇಕು, ಆ ಕಡೆ ವಿಕಾರವಾಗಿಯೇ ಕಾಣುತ್ತದೆ. ಶಿಲ್ಪಿ ಆ ಮಗ್ಗುಲನ್ನು ಗೋಡೆಗೆ ತಿರುಗಿಸಿ ಇಡುತ್ತಾನೆ. ಇದನ್ನು ಕಳ್ಳತನ ಎನ್ನುವವರು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಹೋಗಿ ನೋಡಬಹುದು. 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯ ಮೂಲ ಮಾದರಿ ಅಲ್ಲಿದೆ: 11 ಅಡಿ ಉದ್ದ, ಬಹುಪಾಲು ಮರದ್ದು. ಅದರ ದೀಪದ ವೈರುಗಳು ಎಡಗಡೆಯಿಂದ ಹೊರಬರುತ್ತಿದ್ದುದರಿಂದ ಎಡಮೈಗೆ ಅಲಂಕಾರ ಮಾಡದೆ ಬಿಟ್ಟಿದ್ದರು, ಚಿತ್ರೀಕರಣವನ್ನು ಬಲಗಡೆಯಿಂದ ನಡೆಸಿದರು. ದಸರಾ ಮೆರವಣಿಗೆಯ ಸ್ತಬ್ಧಚಿತ್ರಗಳ ಹಿಂಭಾಗವನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಂದೆ ನಂದಿ ಬೆಟ್ಟ, ಹಿಂದೆ ಪ್ಲೈವುಡ್ಡು, ಮೊಳೆ, ಡೀಸೆಲ್ ಜನರೇಟರು. ನೋಡುವವರು ಎಲ್ಲಿ ನಿಲ್ಲುತ್ತಾರೆಂದು ತಿಳಿದು ಕೆಲಸ ಮಾಡುವುದು ಪ್ರದರ್ಶನದವರ ಮೊದಲ ಪಾಠ. ನಮ್ಮಲ್ಲಿ ಅದನ್ನು ಹೇಳಿಕೊಡಬೇಕಾದ ಅಗತ್ಯವಿಲ್ಲ.

ಬಣ್ಣದ ವಿಚಾರಕ್ಕೆ ಬಂದರೆ ಶಿಲ್ಪಿಯ ಮೇಲೆ ಮನೆಯವರಿಗೆ ಇರುವ ಅಸಮಾಧಾನದಲ್ಲಿ ನ್ಯಾಯವಿದೆ ಎಂದು ಒಪ್ಪಬೇಕು. ನೌಕೆಗೆ ಮೊದಲು ಹೊಚ್ಚಹೊಸ ಬಿಳಿ ಬಣ್ಣ ಬಳಿಯುತ್ತಾನೆ. ಅದು ಒಣಗಿ ಮಲ್ಲಿಗೆಯಂತೆ ಕಂಗೊಳಿಸುವಾಗ, ಕಂದು ಕಪ್ಪು ಬಣ್ಣವನ್ನು ನೀರು ನೀರು ಮಾಡಿ ಅದರ ಮೇಲೆ ಹರಿಸುತ್ತಾನೆ. ಗೆರೆಗಳ ಸಂದಿನಲ್ಲಿ ಕೊಳೆ ನಿಲ್ಲುತ್ತದೆ, ಉಳಿದದ್ದನ್ನು ಬಟ್ಟೆಯಲ್ಲಿ ಒತ್ತಿ ತೆಗೆಯುತ್ತಾನೆ. ಆಮೇಲೆ ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ಬಣ್ಣ ಚಕ್ಕೆ ಎದ್ದಂತೆ ಚುಕ್ಕಿ, ಎಣ್ಣೆ ಸೋರಿದಂತೆ ಗೆರೆ, ಎಂಜಿನ್ನಿನ ಬಾಯಿಗೆ ಮಸಿ. ಹೊಸದನ್ನು ಹಳೆಯದು ಮಾಡುವ ಈ ಕೆಲಸಕ್ಕೆ ಕಟ್ಟುವುದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಹೊರಗೆ ನಿಂತ ಸ್ಕೂಟರು ಯಾರ ಸಹಾಯವೂ ಇಲ್ಲದೆ, ಖರ್ಚೂ ಇಲ್ಲದೆ, ಅದಕ್ಕಿಂತ ಸಹಜವಾಗಿ ತುಕ್ಕು ಹಿಡಿದಿರುತ್ತದೆ. ಬಾಹ್ಯಾಕಾಶದಲ್ಲಿ ಮಳೆಯೂ ಇಲ್ಲ, ಗಾಳಿಯೂ ಇಲ್ಲ, ತುಕ್ಕು ಹೇಗೆ ಬಂತು ಎಂದು ಕೇಳುವ ವಿಜ್ಞಾನದ ಮೇಷ್ಟ್ರಿಗೆ ಶಿಲ್ಪಿ, ನೌಕೆ ಯಾವುದೋ ಗ್ರಹದಲ್ಲಿ ಇಳಿದಿತ್ತು ಎಂದು ಸಮಜಾಯಿಷಿ ಕೊಡುತ್ತಾನೆ. ನನ್ನ ಪ್ರಕಾರ ಸಮಜಾಯಿಷಿಯೇ ಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನ ಬ್ಯಾರನ್ನುಗಳ ಹೊಗೆ ಹಿಡಿದ ಗೋಡೆ, ಸೋಗೆ ತುಂಬಿ ತುಂಬಿ ತಗ್ಗಾದ ಟ್ರ್ಯಾಕ್ಟರ್ ಟ್ರೇಲರು, ಇಂಥವನ್ನು ನೋಡಿ ಬೆಳೆದವರಿಗೆ ಮೈಮೇಲೆ ಗುರುತಿಲ್ಲದ ಯಂತ್ರ ಕೆಲಸ ಮಾಡಿದೆ ಎಂದು ನಂಬುವುದೇ ಕಷ್ಟ. ಸ್ಟಾರ್ ವಾರ್ಸ್‌ನ ಶಿಲ್ಪಿಗಳಿಗೂ ಇದೇ ಅನ್ನಿಸಿತ್ತು. ಅದರಿಂದಲೇ ಅವರ ನೌಕೆಗಳು ಶೋರೂಮಿನಿಂದ ಬಂದವುಗಳಂತೆ ಕಾಣದೆ ಗ್ಯಾರೇಜಿನಿಂದ ಬಂದವುಗಳಂತೆ ಕಂಡವು. ಈ ತತ್ವ ಒಪ್ಪದಿರುವ ಒಬ್ಬರೇ ಒಬ್ಬರೆಂದರೆ ಶಿಲ್ಪಿಯ ತಾಯಿ. ಮಗ ಮೈಸೂರಿಗೆ ಮೀಟಿಂಗಿಗೆ ಹೋದ ದಿನ ಕೋಣೆ ಗುಡಿಸಲು ಬಂದವರು ನೌಕೆಯ ಸ್ಥಿತಿ ನೋಡಿ ಮರುಗಿ, ಅವನು ಬಂದ ಕೂಡಲೇ ಶುಭವಾರ್ತೆ ಹೇಳುತ್ತಾರೆ: 'ಏನ್ ಮಗ, ಎಷ್ಟು ಕೊಳೆ ಕೂತಿತ್ತು ಅದರ ಮ್ಯಾಗೆ, ಒದ್ದೆಬಟ್ಟೇಲಿ ಒರೆಸಿ ಮಡಗಿವ್ನಿ.'

ಶಿಲ್ಪಿಗೆ ಅಗ್ನಿಪರೀಕ್ಷೆ ಬರುವುದು ಗಣಪತಿ ಹಬ್ಬಕ್ಕೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ತಿಂಗಳು ತುಂಬುವ ಮೊದಲೇ ಚೌತಿ. ಆ ವರ್ಷ ನಾಡಿನ ಎಷ್ಟೋ ಮಂಟಪಗಳಲ್ಲಿ ಗಣಪತಿಯ ಪಕ್ಕದಲ್ಲಿ ವಿಕ್ರಮ್ ಲ್ಯಾಂಡರು ನಿಂತಿತ್ತು. ಇಂಥ ಹೊತ್ತಿನಲ್ಲಿ ಊರ ಹುಡುಗರ ಗುಂಪು ಶಿಲ್ಪಿಯ ಬಾಗಿಲಿಗೆ ಬಾರದಿರುವುದಿಲ್ಲ. 'ಅಣ್ಣಾ, ನೀನು ರಾಕೆಟ್ಟು ಮಾಡ್ತೀಯಂತೆ, ನಮಗೂ ಒಂದು ಮಾಡ್ಕೊಡಣ್ಣಾ. ಎಂಟಡಿ ಇರ್ಬೇಕು, ನಾಳಿದ್ದಿಗೆ ಬೇಕು.' ಶಿಲ್ಪಿಯ ಎದೆ ಧಸಕ್ಕೆನ್ನುತ್ತದೆ. ಇಸ್ರೋ ಕೊಟ್ಟ ಅಳತೆಯ ಪ್ರಕಾರ ನಿಜವಾದ ವಿಕ್ರಮ್ ಸುಮಾರು 2 ಮೀಟರ್ ಉದ್ದಗಲ, 1.17 ಮೀಟರ್ ಎತ್ತರ; ಹುಡುಗರು ಕೇಳುತ್ತಿರುವ ಮಾದರಿ ಮೂಲಕ್ಕಿಂತ ದೊಡ್ಡದು. ಆದರೂ ಒಪ್ಪುತ್ತಾನೆ, ಒಪ್ಪದೆ ಊರಲ್ಲಿರುವಂತಿಲ್ಲ. ಥರ್ಮೋಕೋಲಿಗೆ ಸ್ಪ್ರೇ ಬಣ್ಣ ಹೊಡೆಯಬಾರದು, ಅದರ ದ್ರಾವಕಕ್ಕೆ ಥರ್ಮೋಕೋಲು ಕರಗಿಹೋಗುತ್ತದೆ ಎಂದು ಎಚ್ಚರಿಸುವ ಹೊತ್ತಿಗೆ ಹುಡುಗನೊಬ್ಬ ಒಂದು ಕಾಲಿಗೆ ಹೊಡೆದು ಮುಗಿಸಿರುತ್ತಾನೆ, ಕಾಲು ಸವೆದ ಮೂಳೆಯಾಗಿರುತ್ತದೆ. ಅದಕ್ಕೆ ಬೊಂಬು ಕಟ್ಟಿ, ಚಿನ್ನದ ಬಣ್ಣದ ಗಿಫ್ಟ್ ಪೇಪರು ಸುತ್ತುತ್ತಾರೆ. ನಿಜವಾದ ಲ್ಯಾಂಡರಿಗೂ ಶಾಖ ತಡೆಯಲು ಹೊದಿಸಿರುವುದು ಅದೇ ಬಣ್ಣದ ಹಾಳೆ, ಹಾಗಾಗಿ ಇಡೀ ಮಂಟಪದಲ್ಲಿ ಅತ್ಯಂತ ವೈಜ್ಞಾನಿಕವಾದ ಭಾಗ ಆ ಗಿಫ್ಟ್ ಪೇಪರು. ಮೇಲೆ ನಾಲ್ಕು ಸೀರಿಯಲ್ ಸೆಟ್ಟು, ಕೆಳಗೆ ಸಾಂಬ್ರಾಣಿ ಹೊಗೆ. ಆ ರಾತ್ರಿ ನೋಡಲು ಬಂದ ಜನ ಇವನ ಅಂಗೈಯುದ್ದದ ನೌಕೆಗಳನ್ನು ಮೂರು ವರ್ಷದಲ್ಲಿ ನೋಡಿದವರಿಗಿಂತ ಎಷ್ಟೋ ಪಾಲು ಹೆಚ್ಚು.

ಇಲ್ಲೊಂದು ಗಟ್ಟಿ ಪ್ರಶ್ನೆ ಹುಟ್ಟುತ್ತದೆ. ನಿಜವಾದ ನೌಕೆ ಬೆಂಗಳೂರಿನಲ್ಲೇ ತಯಾರಾಗಿ ಚಂದ್ರನಿಗೆ ಹೋಗಿರುವಾಗ, ಅದನ್ನು ಬಿಟ್ಟು ಸುಳ್ಳು ನೌಕೆಗೆ ಯಾಕೆ ಇಷ್ಟು ನಿಷ್ಠೆ? ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾಯರ ತಂಡ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿ, ಆಮೇಲೆ ಎರಡು ರೂಪಾಯಿ ನೋಟಿನ ಬೆನ್ನಿಗೆ ಬಂದು, ವೀಳ್ಯದೆಲೆ ಅಂಗಡಿಯವರೆಗೂ ತಿರುಗಾಡಿತು. ಅದರ ಮಾದರಿ ಮಾಡಬಾರದೇ? ಮಾಡಬಹುದು, ಮಾಡಲಿ. ಆದರೆ ನಿಜವಾದ ನೌಕೆಯ ಮಾದರಿ ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತದೆ, ಅದರ ಮಾನ ಕಾಯಲು ಇಸ್ರೋ ಇದೆ. ಬೊಂಬಿನ ಕಾಲಿನ ವಿಕ್ರಮನನ್ನು ಕಂಡು ಯಾರೂ ಚಂದ್ರಯಾನವನ್ನು ಸಂಶಯಿಸಲಿಲ್ಲ. ಸುಳ್ಳು ನೌಕೆಗೆ ಆ ಬೆಂಬಲವಿಲ್ಲ. ಅದು ಇರುವುದು ಮಾದರಿಯಲ್ಲಿ ಮಾತ್ರ. ರೆಕ್ಕೆ ಸೊಟ್ಟಗಾದರೆ ನೌಕೆಯೇ ಸೊಟ್ಟಗಾಯಿತು, ಬೆಳಕು ಸೋರಿದರೆ ನೌಕೆಯ ಗುಟ್ಟೇ ಬಯಲಾಯಿತು. ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕೆನ್ನುತ್ತಾರಲ್ಲ, ಸುಳ್ಳು ಕಟ್ಟುವವನಿಗೆ ಕೈ ಚೆನ್ನಾಗಿರಬೇಕು.

ಇವನ ಮೇಲೆ ಹೊರಿಸಬಹುದಾದ ನಿಜವಾದ ಅಪರಾಧ ಬೇರೆ ಇದೆ, ಅದಕ್ಕೆ ನನ್ನಲ್ಲೂ ಉತ್ತರವಿಲ್ಲ. ಮುಗಿಸುವುದಿಲ್ಲ. ಮಂಚದ ಕೆಳಗೆ ಬಿಚ್ಚದ ಕಿಟ್ಟುಗಳು, ಅಟ್ಟದ ಮೇಲೆ ಅರ್ಧ ಕಟ್ಟಿದವು, ಡೆಸ್ಕಿನ ಮೇಲೆ ಬಣ್ಣ ಒಣಗುತ್ತಿರುವುದು. ಕೇಳಿದರೆ 'ಇನ್ನೂ ಒಂದು ಕೋಟ್ ಬೇಕು.' ಎತ್ತಿನವರಿಗೆ ಜಾತ್ರೆಯ ದಿನವಿದೆ, ಗಣಪತಿಯವರಿಗೆ ಚೌತಿಯಿದೆ, ಇವನಿಗೆ ಗಡುವಿಲ್ಲ. ಈ ರೋಗಕ್ಕೆ ಮದ್ದು ಅದೇ ಮನೆಯಲ್ಲಿದೆ, ಮೈಸೂರಿನಿಂದ ಸೊಸೆಯಾಗಿ ಬಂದವಳ ಪೆಟ್ಟಿಗೆಯಲ್ಲಿ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ, ರಾಜ ರಾಣಿ, ನವರಾತ್ರಿಯ ಪಾಡ್ಯದ ದಿನ ಹೊರಗೆ ಬಂದು ಮೆಟ್ಟಿಲೇರಲೇಬೇಕು. ಬಣ್ಣ ಒಣಗಿಲ್ಲ ಎಂದು ಷಷ್ಠಿಗೆ ಮುಂದೂಡುವ ಮಾತಿಲ್ಲ. ಚಂದ್ರಯಾನ ಇಳಿದ ವರ್ಷ ಮೈಸೂರಿನ ಮನೆಗಳ ಗೊಂಬೆ ಮೆಟ್ಟಿಲುಗಳ ಮೇಲೂ ಅದು ಬಂದು ಕೂತಿತ್ತು, ಹಾಗಾಗಿ ಆಕಾಶನೌಕೆಗೆ ಅಲ್ಲಿ ಪ್ರವೇಶ ನಿಷಿದ್ಧವೇನಲ್ಲ. ಜಾಗ ಕೊಡುವುದಕ್ಕೆ ಹೆಂಡತಿ ತಯಾರಿದ್ದಾಳೆ, ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟರ ದಿನಸಿ ಅಂಗಡಿಯ ಪಕ್ಕದಲ್ಲಿ, ಷರತ್ತುಗಳ ಮೇಲೆ. ಆರತಿಯ ಹೊತ್ತಿನಲ್ಲಿ ಅದು ಮಿಣಮಿಣ ಅನ್ನಬಾರದು. 'ಮತ್ತೆ, ರೀ, ಆ ಫಿರಂಗಿಗಳನ್ನ ರಾಜ ರಾಣಿ ಕಡೆ ತಿರುಗಿಸಿ ಇಡೋ ಹಾಗಿಲ್ಲ.' ಸರಿ, ನೌಕೆಯ ಮೂತಿಯನ್ನು ಈ ಕಡೆಗೆ ತಿರುಗಿಸೋಣವೆಂದರೆ ಎಂಜಿನ್ನಿನ ಹೊಗೆಬಾಯಿ ಪಟ್ಟದ ಗೊಂಬೆಯ ಮುಖಕ್ಕೆ ಬರುತ್ತದೆ, ಅದಂತೂ ಆಗದ ಮಾತು. ಉಳಿದದ್ದು ಅಡ್ಡಡ್ಡಲಾಗಿ ನಿಲ್ಲಿಸುವುದು. ಅಡ್ಡ ನಿಲ್ಲಿಸಿದರೆ ಶೆಟ್ಟರ ಅಂಗಡಿ ನಾಲ್ಕು ಬೆರಳು ಪಕ್ಕಕ್ಕೆ ಸರಿಯಬೇಕು. ಆ ಅಂಗಡಿಯನ್ನು ತಕ್ಕಡಿ, ಬೇಳೆ, ಬೆಲ್ಲದ ಸಮೇತ ಜೋಡಿಸಿ ಕೊಟ್ಟವರು ಹೆಂಡತಿಯ ತಾಯಿ, ಅದನ್ನು ಸರಿಸಲು ಮೈಸೂರಿಗೆ ಫೋನು ಮಾಡಿ ಅತ್ತೆಯವರ ಒಪ್ಪಿಗೆ ಪಡೆಯಬೇಕು. ಅತ್ತೆಯವರು ಕೇಳುವ ಮೊದಲ ಪ್ರಶ್ನೆ, ಅಳಿಯಂದಿರು ಅದನ್ನು ಮುಗಿಸಿದ್ದಾರೆಯೇ ಎನ್ನುವುದು.